ಕೊನೆಯ ಕಂತು ಯಾವತ್ತು?

ಸೋದರಿಯರೆ, ಒಲೆಯ ಮೇಲಿನ ಹಾಲು ಇಳಿಸಿ ಬಂದು ಕೂತುಕೊಳ್ಳಿ. ಈ ಸಲದ ವಿಷಯ ಸ್ವಲ್ಪ ಲೆಕ್ಕದ್ದು. ಲೆಕ್ಕ ಅಂದ ತಕ್ಷಣ ಪುಟ ತಿರುಗಿಸಿ ಸಾರಿನ ಪುಡಿಗೆ ಹೋಗಬೇಡಿ. ಕೂಡುವುದು, ಕಳೆಯುವುದು, ಭಾಗಿಸುವುದು ಯಾವುದೂ ಇಲ್ಲಿಲ್ಲ. ಇರುವುದು ಒಂದೇ ಪ್ರಶ್ನೆ: "ಕೊನೇ ಸಲ ಯಾವಾಗ?"

ಬೆಳಗಿನಿಂದ ಸಂಜೆಯೊಳಗೆ ಈ ಪ್ರಶ್ನೆ ಮನೆಯಲ್ಲಿ ಎಷ್ಟು ಸಲ ಬರುತ್ತದೆ, ಎಣಿಸಿ ನೋಡಿ. ಗ್ಯಾಸ್ ಸಿಲಿಂಡರ್ ಕೊನೇ ಸಲ ಬಂದದ್ದು ಯಾವಾಗ? ಅತ್ತೆಯವರ ಸಕ್ಕರೆ ಪರೀಕ್ಷೆ ಕೊನೇ ಸಲ ಮಾಡಿಸಿದ್ದು ಯಾವಾಗ? ಕುಕ್ಕರಿನ ರಬ್ಬರು ಬದಲಾಯಿಸಿದ್ದು? ನಾದಿನಿಯ ಮನೆಯವರು ಕೊನೆಯದಾಗಿ ಮುಯ್ಯಿ ಮಾಡಿದ್ದು ಯಾವ ಶುಭಕಾರ್ಯಕ್ಕೆ? ಸಿಲಿಂಡರ್ ನಮ್ಮ ಮನೆಗೆ ಮೊದಲನೇ ಸಲ ಬಂದದ್ದು ಯಾವತ್ತು ಅಂತ ಯಾರೂ ಕೇಳುವುದಿಲ್ಲ. ಬೇಕಾದದ್ದು ಕೊನೆಯದು.

ನಮ್ಮ ತವರಿನಲ್ಲಿ ಅಡಿಗೆಮನೆ ಬಾಗಿಲ ಹಿಂದೆ ಒಂದು ದಪ್ಪ ತಂತಿ ನೇತಾಡುತ್ತಿತ್ತು. ಕೆಳತುದಿಯನ್ನು ಬಗ್ಗಿಸಿ ಮೇಲಕ್ಕೆ ತಿರುಗಿಸಿದ ಕೊಕ್ಕೆ. ದಿನಸಿ ಚೀಟಿ, ಕರೆಂಟ್ ಬಿಲ್ಲು, ಔಷಧಿ ಅಂಗಡಿಯ ರಸೀದಿ ಎಲ್ಲವನ್ನೂ ಅಮ್ಮ ಅದಕ್ಕೆ ಚುಚ್ಚಿಬಿಡುತ್ತಿದ್ದಳು. ಆ ತಂತಿಯ ಗುಣ ಏನು ಗೊತ್ತೆ? ಕೊನೆಗೆ ಚುಚ್ಚಿದ್ದು ಎದುರಿಗೇ ಇರುತ್ತದೆ. ಕೈ ಹಾಕಿದರೆ ಮೊದಲು ಸಿಗುವುದೇ ಹೊಸ ಬಿಲ್ಲು. ಪುಸ್ತಕದ ಗುಣ ಇದಕ್ಕೆ ಉಲ್ಟಾ. ಪುಸ್ತಕದಲ್ಲಿ ಮೇಲಿನ ಸಾಲು ಹಳೆಯದು, ಹೊಸದು ಕೆಳಗೆಲ್ಲೋ ಇರುತ್ತದೆ. ಫೋನಿನಲ್ಲಿ ನಾವು ಬರೆದಿಡುವ ಶೀಟು ಇದೆಯಲ್ಲ, ಎಕ್ಸೆಲ್ ಅನ್ನಿ, ಗೂಗಲ್ ಶೀಟ್ಸ್ ಅನ್ನಿ, ಅದು ಪುಸ್ತಕದ ಜಾತಿ. ಇದನ್ನು ಮರೆತು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ನಿಮ್ಮಲ್ಲಿ ಎಷ್ಟೋ ಮಂದಿ ಸ್ವಸಹಾಯ ಸಂಘದ ಲೆಕ್ಕ ಬರೆಯುವವರಿದ್ದೀರಿ. ನಿಮಗೆ ಈ ಫಜೀತಿ ಬೇಡ.

1992ರಲ್ಲಿ ನಬಾರ್ಡ್‌ನವರು 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರು ಮಾಡಿದರು. ಈಗ ಸಂಘ ಇಲ್ಲದ ಬೀದಿ ಸಿಗುವುದೇ ಕಷ್ಟ. ನಮ್ಮ ಬೀದಿಯಲ್ಲೂ ಒಂದಿದೆ. ಹದಿನೈದು ಜನ, ಪ್ರತಿ ಗುರುವಾರ ಸಭೆ, ತಿಂಗಳ ಮೊದಲ ಗುರುವಾರ ಸಾಲದ ಕಂತು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಕ್ಷರ ದುಂಡಗಿದೆ ಅನ್ನುವುದೊಂದೇ ನನ್ನ ಅರ್ಹತೆ.

2024ರ ಫೆಬ್ರವರಿಯಲ್ಲಿ ನಮ್ಮ ಏಳನೇ ನಂಬರಿನ ಸದಸ್ಯೆ ಸಾಲ ತೆಗೆದುಕೊಂಡರು. ದೇವಸ್ಥಾನದ ಮುಂದೆ ಹೂವು ಮಾರುವವರು. ನಾವೆಲ್ಲ ಅವರನ್ನು ಹೂವಿನಕ್ಕ ಅಂತಲೇ ಕರೆಯುವುದು. ಮಾರ್ಚ್ 7ರಂದು ಮೊದಲ ಕಂತು ಸಾವಿರ ರೂಪಾಯಿ ಕಟ್ಟಿದರು. ಅದೇ ಹೊತ್ತಿಗೆ ನನ್ನ ಅಣ್ಣನ ಮಗ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದ. "ಅತ್ತೆ, ಇನ್ನೂ ಪುಸ್ತಕದಲ್ಲಿ ಬರೀತೀಯಾ? ಶೀಟ್ ಮಾಡಿಕೊಡ್ತೀನಿ ತಾಳು" ಅಂದ. ನಾನು ಚಕ್ಕುಲಿ ಒತ್ತಿ ಮುಗಿಸುವಷ್ಟರಲ್ಲಿ ಮಾಡಿಯೂ ಮುಗಿಸಿದ.

ಅವನು ಮಾಡಿಕೊಟ್ಟದ್ದು ಹೀಗಿತ್ತು. ಎ ಕಾಲಮ್ಮಿನಲ್ಲಿ ಸದಸ್ಯರ ನಂಬರು, ಬಿ ಕಾಲಮ್ಮಿನಲ್ಲಿ ಹೆಸರು, ಸಿ ಕಾಲಮ್ಮಿನಲ್ಲಿ ತಾರೀಖು, ಡಿ ಕಾಲಮ್ಮಿನಲ್ಲಿ ವಿವರ, ಅಂದರೆ ಕಂತೋ ಬಡ್ಡಿಯೋ ಅನ್ನುವುದು, ಇ ಕಾಲಮ್ಮಿನಲ್ಲಿ ಮೊತ್ತ. ಯಾರು ಕಟ್ಟಿದರೂ ಕಂತಿಗೊಂದು ಸಾಲು, ಬಡ್ಡಿಗೊಂದು ಸಾಲು. ಇಷ್ಟು ಎಡಗಡೆ. ಶೀಟನ್ನು ಬಲಕ್ಕೆ ಸರಿಸಿದರೆ ಜಿ ಕಾಲಮ್ಮಿನಿಂದ ಒಂದು ಪುಟ್ಟ ಪಟ್ಟಿ: ಸಾಲ ಇರುವವರ ನಂಬರು, ಹೆಸರು, ಅವರ ಮುಂದೆ ಐ ಕಾಲಮ್ಮಿನಲ್ಲಿ "ಕೊನೆಯ ಕಂತು" ಅಂತ ತಾರೀಖು ತಾನಾಗಿಯೇ ಮೂಡುವ ಹಾಗೆ ಒಂದು ಸೂತ್ರ. ಮಂತ್ರ ಹಾಕಿದ ಹಾಗಿತ್ತು. ನಾನು ಹಿಗ್ಗಿಹೋದೆ.

ಸೂತ್ರ ಇದು. ನಮ್ಮ ಪತ್ರಿಕೆಯ ಪದ್ಧತಿಯಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಒತ್ತುವಾಗ ಸೂತ್ರದ ಹೆಸರು ಮತ್ತು ಕಾಲಮ್ಮಿನ ಅಕ್ಷರ ಇಂಗ್ಲಿಷಿನಲ್ಲೇ ಇರಬೇಕು.

=ವಿಲುಕಪ್(ಜಿ2, ಎ:ಸಿ, 3, ಫಾಲ್ಸ್)

ಅರ್ಥ ಸರಳ. ಜಿ2 ಮನೆಯಲ್ಲಿರುವ ನಂಬರನ್ನು ಎ ಕಾಲಮ್ಮಿನಲ್ಲಿ ಹುಡುಕು. ಸಿಕ್ಕಿದ ಸಾಲಿನಲ್ಲಿ ಎ, ಬಿ, ಸಿ ಅಂತ ಎಣಿಸಿ ಮೂರನೆಯ ಮನೆಯಲ್ಲಿರುವ ತಾರೀಖು ತಂದು ಕೊಡು. ಕೊನೆಯ ಫಾಲ್ಸ್ ಅನ್ನುವುದು "ಅದೇ ನಂಬರು ಬೇಕು, ಹತ್ತಿರದ್ದು ಬೇಡ" ಅಂತ ತಾಕೀತು. (ಆ ಜಾಗ ಖಾಲಿ ಬಿಟ್ಟರೆ ಇನ್ನೂ ಕಷ್ಟ. 7 ಸಿಗದಿದ್ದರೆ 6ನೇ ನಂಬರಿನವರ ತಾರೀಖನ್ನು ತಂದು ನಗುತ್ತಾ ಕೊಟ್ಟುಬಿಡಬಹುದು.)

ಮಾರ್ಚಿನಲ್ಲಿ ಅದು ಸರಿಯಾಗಿಯೇ ಹೇಳಿತು, 7-3-2024 ಅಂತ. ಶೀಟಿನಲ್ಲಿ ಹೂವಿನಕ್ಕನ ಕಂತು ಇದ್ದದ್ದೇ ಒಂದು. ಒಂದೇ ಇದ್ದಾಗ ಮೊದಲನೆಯದೂ ಅದೇ, ಕೊನೆಯದೂ ಅದೇ. ಹುಡುಗ ಹಾಸ್ಟೆಲಿಗೆ ಹೋದ. ನಾನು ತಿಂಗಳು ತಿಂಗಳು ಸಾಲು ಸೇರಿಸುತ್ತಾ ಹೋದೆ. ಬಲಗಡೆಯ ಪಟ್ಟಿಯನ್ನು ನೋಡುವ ಪ್ರಸಂಗವೇ ಬರಲಿಲ್ಲ.

ಬಂದದ್ದು ಆಗಸ್ಟ್ 8ರಂದು. ಬ್ಯಾಂಕಿನಿಂದ ಹೊಸ ಸಾಲ ಕೇಳೋಣ ಅಂತ ಮಾತಾಗಿತ್ತು. ಬಾಕಿದಾರರು ಯಾರಾದರೂ ಇದ್ದಾರೆಯೇ ಅಂತ ಸಭೆಯಲ್ಲಿ ಪಟ್ಟಿ ಓದಬೇಕಾಗಿತ್ತು. ನಾನು ಫೋನ್ ಹಿಡಿದು ಗಂಭೀರವಾಗಿ ಓದಿದೆ. ಮೂವರು ಜುಲೈನಲ್ಲಿ ಸಾಲ ತೆಗೆದವರು, ಅವರ ಮುಂದೆ 1-8-2024. ನನ್ನ ಹೆಸರಿನ ಮುಂದೆ 4-7-2024. ಹೂವಿನಕ್ಕನ ಮುಂದೆ 7-3-2024.

ಮಾರ್ಚ್! ಅಂದರೆ ಏಪ್ರಿಲ್, ಮೇ, ಜೂನ್, ಜುಲೈ, ಆಗಸ್ಟ್ ಐದು ಕಂತು ಬಾಕಿ.

ಹೂವಿನಕ್ಕ ಮಡಿಲಲ್ಲಿ ಕನಕಾಂಬರ ಹಾಕಿಕೊಂಡು ಕಟ್ಟುತ್ತಾ ಕೂತಿದ್ದವರು ತಲೆ ಎತ್ತಿದರು. "ನಾನು ಕಟ್ಟಿವ್ನಲ್ಲಾ ಅಕ್ಕಾವ್ರೆ, ತಿಂಗ್ಳು ತಿಂಗ್ಳೂ" ಅಂದರು. ಯಾರೋ ಹಿಂದಿನಿಂದ "ಶೀಟಲ್ಲೇ ಬಂದಿದೆಯಲ್ಲಮ್ಮ" ಅಂದರು. ಇನ್ನೊಬ್ಬರು ಅಂದರು, "ಐದು ತಿಂಗಳು ಸುಮ್ಮನಿದ್ದೀವಲ್ಲ, ನಮ್ಮದೇ ತಪ್ಪು." ಹೂವಿನಕ್ಕ ಮತ್ತೆ ಮಾತಾಡಲಿಲ್ಲ. ಟೀ ಬರುವ ಮೊದಲೇ ಹೂವಿನ ಬುಟ್ಟಿ ಎತ್ತಿಕೊಂಡು ಹೊರಟುಹೋದರು. ನಾನಾದರೂ ಏನು ಮಾಡಿದೆ ಅನ್ನುತ್ತೀರಿ? ಫೋನ್ ಕೈಯಲ್ಲೇ ಇತ್ತು. ಬೆರಳಿನಿಂದ ಎಡಕ್ಕೆ ಒಂದು ಸಲ ಸರಿಸಿದ್ದರೆ ನಾನೇ ಬರೆದ ಸಾಲುಗಳು ಕಾಣುತ್ತಿದ್ದವು. ಎಲ್ಲ ಸೇರಿ ಇಪ್ಪತ್ತೊಂದೇ ಸಾಲು. ಸರಿಸಲಿಲ್ಲ. ಶೀಟು ಹೇಳಿದೆ ಅಂದ ಮೇಲೆ ಮುಗಿಯಿತು ಅಂತ ನನಗೂ ಅನ್ನಿಸಿತ್ತು.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಹೂವಿನಕ್ಕ ನಿಂತಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಸ್ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಮಾರ್ಚ್ 7, ಏಪ್ರಿಲ್ 4, ಮೇ 2, ಜೂನ್ 6, ಜುಲೈ 4, ಆಗಸ್ಟ್ 1. ಆರು ಕಂತು. ಪಕ್ಕದಲ್ಲಿ ಆರು ಸಹಿ. ಆರೂ ನನ್ನವೇ.

"ಮಿಷನ್ನು ಹೇಳ್ತು, ನೀವು ನಂಬುದ್ರಿ. ನಾನು ಹೇಳ್ದೆ, ನಂಬ್ಲಿಲ್ಲ" ಅಂದರು. ದನಿ ಏರಿಸಿ ಬೈದಿದ್ದರೆ ವಾಸಿಯಾಗುತ್ತಿತ್ತು. ಕಾಫಿ ಕುಡಿದು ಹೋಗಿ ಅಂದರೆ ವ್ಯಾಪಾರದ ಹೊತ್ತು ಅಂತ ಹೊರಟರು.

ಅವತ್ತು ನಮ್ಮ ಮನೆಯಲ್ಲಿ ತಿಂಡಿ ಹನ್ನೊಂದು ಗಂಟೆಗೆ. ನಮ್ಮ ಯಜಮಾನರು ಬ್ರೆಡ್ಡು ತಿಂದು ಕೆಲಸಕ್ಕೆ ಹೋದರು. ನಾನು ಶೀಟಿನ ಮುಂದೆ ಕೂತೆ.

ತಪ್ಪು ಎಲ್ಲಿತ್ತು ಅಂದರೆ, ವಿಲುಕಪ್ ಮೇಲಿನಿಂದ ಕೆಳಕ್ಕೆ ಹುಡುಕುತ್ತದೆ. 7 ಅನ್ನುವ ನಂಬರು ಕಣ್ಣಿಗೆ ಬಿದ್ದ ಕೂಡಲೇ ನಿಂತುಬಿಡುತ್ತದೆ. ಕೆಳಗೆ ಇನ್ನೂ ಹತ್ತು ಸಲ 7 ಇದ್ದರೂ ಅದಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅಂಗಡಿಗೆ ಕಳಿಸಿದ ಹುಡುಗ ಮೊದಲ ಅಂಗಡಿಯಲ್ಲೇ ಬೇಳೆ ತಂದ ಹಾಗೆ. ಅದರ ಸ್ವಭಾವವೇ ಅದು. ಸುಳ್ಳು ಹೇಳಲಿಲ್ಲ, ನಾವು ಕೇಳಿದ್ದೇ ಬೇರೆ, ಅದು ಹೇಳಿದ್ದೇ ಬೇರೆ. "ಕೊನೆಯ ಕಂತು" ಅಂತ ಮೇಲೆ ತಲೆಬರಹ ಬರೆದವರು ನಾವು. ಕೆಳಗೆ ಬರುತ್ತಿದ್ದದ್ದು ಮೊದಲ ಕಂತು. ಜುಲೈನಲ್ಲಿ ಸಾಲ ತೆಗೆದ ಮೂವರಿಗೆ ಕಟ್ಟಿದ್ದೇ ಒಂದು ಕಂತಾದ್ದರಿಂದ ಸರಿಹೋಯಿತು. ಆರು ತಿಂಗಳು ತಪ್ಪದೆ ಕಟ್ಟಿದವರಿಗೇ ಹೆಸರು ಕೆಟ್ಟಿತು.

ಅಣ್ಣನ ಮಗನಿಗೆ ಫೋನ್ ಮಾಡಿದೆ. "ಅಯ್ಯೋ ಅತ್ತೆ, ಅದಕ್ಕೆ ಮ್ಯಾಕ್ಸ್‌ಇಫ್ಸ್ ಹಾಕಬೇಕಿತ್ತು" ಅಂದ. ಮೊದಲೇ ಹೇಳಬಾರದಿತ್ತೇ, ಪುಣ್ಯಾತ್ಮ!

ಇದರ ಒಳಗುಟ್ಟು ಬಹಳ ಚೆನ್ನಾಗಿದೆ, ಕೇಳಿ. ಶೀಟಿಗೆ ತಾರೀಖು ಅಂದರೆ ತಾರೀಖಲ್ಲ, ಒಂದು ಸಂಖ್ಯೆ. 1900ನೇ ಇಸವಿಯ ಆರಂಭದಿಂದ ದಿನಗಳನ್ನು ಒಂದೊಂದಾಗಿ ಎಣಿಸುತ್ತಾ ಬಂದು 7-3-2024ಕ್ಕೆ 45358 ಅನ್ನುತ್ತದೆ, 1-8-2024ಕ್ಕೆ 45505. ನಮಗೆ ತೋರಿಸುವಾಗ ಮಾತ್ರ ತಾರೀಖಿನ ವೇಷ. ಹೀಗಿರುವುದರಿಂದ ಎಲ್ಲಕ್ಕಿಂತ ಈಚಿನ ತಾರೀಖು ಅಂದರೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ, ಅಷ್ಟೆ. ಸಾಲುಗಳು ಹಿಂದುಮುಂದಾಗಿದ್ದರೂ ಚಿಂತೆಯಿಲ್ಲ. ಏಳನೇ ನಂಬರಿನವರ ಸಾಲುಗಳನ್ನೆಲ್ಲ ಆರಿಸಿ, ಅವುಗಳಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ ಸಾಕು. ಮ್ಯಾಕ್ಸ್‌ಇಫ್ಸ್ ಮಾಡುವುದು ಇದನ್ನೇ. ಇಂಗ್ಲಿಷಿನಲ್ಲಿ ಒತ್ತಬೇಕಾದ ಅಕ್ಷರಗಳು: ಎಂ, ಎ, ಎಕ್ಸ್, ಐ, ಎಫ್, ಎಸ್.

=ಮ್ಯಾಕ್ಸ್‌ಇಫ್ಸ್(ಸಿ:ಸಿ, ಎ:ಎ, ಜಿ2)

ಮೊದಲು ಸಿ:ಸಿ, ಅಂದರೆ ದೊಡ್ಡದನ್ನು ಎಲ್ಲಿಂದ ಆರಿಸಬೇಕೋ ಆ ತಾರೀಖಿನ ಕಾಲಮ್ಮು. ಆಮೇಲೆ ಎ:ಎ, ಅಂದರೆ ಯಾವ ಕಾಲಮ್ಮಿನಲ್ಲಿ ಹೊಂದಿಸಿ ನೋಡಬೇಕೋ ಅದು. ಕೊನೆಗೆ ಜಿ2, ಯಾರ ನಂಬರು ಅನ್ನುವುದು. ಒತ್ತಿ ನೋಡಿದೆ. 45505 ಅಂತ ಬಂತು. ಹೆದರಬೇಡಿ, ವೇಷ ಹಾಕಿರುವುದಿಲ್ಲ ಅಷ್ಟೆ. ಆ ಮನೆಗೆ ಫಾರ್ಮ್ಯಾಟಿನಲ್ಲಿ ಡೇಟ್ ಅಂತ ಆರಿಸಿದರೆ 1-8-2024 ಆಗುತ್ತದೆ. ಕೆಳಗಿನ ಮನೆಗಳಿಗೂ ಅದನ್ನೇ ಎಳೆದೆ. ಐದೂ ಜನರ ಮುಂದೆ 1-8-2024. ಯಾರ ಬಾಕಿಯೂ ಇಲ್ಲ! ದೇವರಿಗೆ ಕೈಮುಗಿದು ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ.

ರವೆ ಕೈಯಾಡಿಸುವಾಗ ನೆನಪಾಯಿತು. ನಾನು ಆಗಸ್ಟ್ 1ರಂದು ಕಂತು ಕಟ್ಟಿದ್ದೆನೇ? ಜುಲೈ ಕೊನೆಯಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶ, ಮುಯ್ಯಿ, ಬಸ್ಸಿನ ಖರ್ಚು ಅಂತ ಕೈ ಖಾಲಿಯಾಗಿತ್ತು. ಈ ತಿಂಗಳು ಬಡ್ಡಿ ಕಟ್ಟಿ ಅಸಲನ್ನು ಮುಂದಿನ ವಾರ ಕಟ್ಟೋಣ ಅಂತ ಬಡ್ಡಿ ಮಾತ್ರ ಬರೆದು ಸುಮ್ಮನಾಗಿದ್ದೆ. ಓಡಿಹೋಗಿ ನೋಡಿದರೆ ನಿಜ. ನನ್ನ ನಂಬರಿನ ಕೊನೆಯ ಸಾಲು 1-8-2024, ವಿವರ: ಬಡ್ಡಿ. ಸೂತ್ರಕ್ಕೆ ಕಂತೂ ಒಂದೇ ಬಡ್ಡಿಯೂ ಒಂದೇ. ಬೇರೆ ಮಾಡು ಅಂತ ನಾನು ಹೇಳಿರಲಿಲ್ಲವಲ್ಲ.

=ಮ್ಯಾಕ್ಸ್‌ಇಫ್ಸ್(ಸಿ:ಸಿ, ಎ:ಎ, ಜಿ2, ಡಿ:ಡಿ, "ಕಂತು")

ಹೀಗೆ ಇನ್ನೊಂದು ಷರತ್ತು ಸೇರಿಸಿದೆ. ಡಿ ಕಾಲಮ್ಮಿನಲ್ಲಿ "ಕಂತು" ಅಂತ ಇರುವ ಸಾಲು ಮಾತ್ರ ಲೆಕ್ಕಕ್ಕೆ. ಹೂವಿನಕ್ಕ 1-8-2024, ಆ ಮೂವರು 1-8-2024. ನಾನು 4-7-2024.

ಗಮನಿಸಿದಿರಾ? ಹಿಂದಿನ ದಿನ ಸಭೆಯಲ್ಲಿ ಓದಿದ ಪಟ್ಟಿಯಲ್ಲೂ ನನ್ನ ಮುಂದೆ ಇದ್ದದ್ದು ಅದೇ ತಾರೀಖು. ಆ ತಪ್ಪು ಸೂತ್ರ ಅಕಸ್ಮಾತ್ತಾಗಿ ನನ್ನ ವಿಷಯದಲ್ಲಿ ನಿಜ ಹೇಳಿತ್ತು. ನಾನೇ ಜೋರಾಗಿ ಓದಿದ್ದೆ. ಲೆಕ್ಕ ಬರೆಯುವವಳ ಬಾಕಿ ಯಾರ ಕಿವಿಗೂ ಬೀಳಲಿಲ್ಲ, ನನ್ನ ಕಿವಿಗೂ ಬೀಳಲಿಲ್ಲ. ಐದು ಜನರಲ್ಲಿ ಬಾಕಿ ಇದ್ದದ್ದು ಒಬ್ಬರದೇ. ತಲೆ ತಗ್ಗಿಸಿ ಎದ್ದು ಹೋದವರು ಬೇರೆಯವರು. ರವೆ ಸೀದುಹೋಗಿತ್ತು, ಬಿಡಿ.

ಮುಂದಿನ ಗುರುವಾರ ಆಗಸ್ಟ್ 15, ಸಭೆ ಇರಲಿಲ್ಲ. ನಾನು ದೇವಸ್ಥಾನದ ಮುಂದೆಯೇ ಹೋದೆ. ಆ ಕಥೆ ಆಮೇಲೆ. ಈಗ ಈ ಸೂತ್ರ ಹಾಕುವವರು ನೋಡಿಕೊಳ್ಳಬೇಕಾದ ಎರಡು ಮೂರು ಸಂಗತಿ ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ತಾರೀಖು ಬರೆಯುವ ರೀತಿ. ನಮಗೆ ಶಾಲೆಯಿಂದ ಬಂದ ಅಭ್ಯಾಸ 1.8.24 ಅಂತ ಚುಕ್ಕಿ ಇಟ್ಟು ಬರೆಯುವುದು. ಶೀಟು ಅದನ್ನು ತಾರೀಖು ಅಂತ ಒಪ್ಪದೆ ಬರೀ ಅಕ್ಷರ ಅಂತ ತಿಳಿಯಬಹುದು. ಮ್ಯಾಕ್ಸ್‌ಇಫ್ಸ್ ಅಕ್ಷರವನ್ನು ತಿರುಗಿಯೂ ನೋಡುವುದಿಲ್ಲ. ಆ ಸಾಲು ಇದ್ದೂ ಇಲ್ಲದ ಹಾಗೆ. ಮತ್ತೆ ಯಾರೋ ಕಟ್ಟಿದ ಕಂತು ಕಟ್ಟದ ಹಾಗೆ! ಗುರುತು ಹಿಡಿಯುವುದು ಸುಲಭ. ನಾವು ಏನೂ ಬದಲಾಯಿಸದಿದ್ದರೆ ತಾರೀಖು ಮನೆಯ ಬಲಗೋಡೆಗೆ ಒರಗಿ ಕೂರುತ್ತದೆ, ಅಕ್ಷರ ಎಡಗೋಡೆಗೆ. ಸಿ ಕಾಲಮ್ಮಿನಲ್ಲಿ ಎಡಕ್ಕೆ ಕೂತವರು ಯಾರಾದರೂ ಇದ್ದಾರೆಯೇ ಅಂತ ಒಮ್ಮೆ ಕಣ್ಣಾಡಿಸಿ. ಇದ್ದರೆ ಅಡ್ಡಗೆರೆ ಹಾಕಿ ಮತ್ತೆ ಬರೆಯಿರಿ.

ಇದರ ತಂಗಿ ಇನ್ನೊಂದಿದೆ. ಶೀಟು ಅಮೆರಿಕದ ಪದ್ಧತಿಯಲ್ಲಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ನೀವು 1-8-2024 ಅಂದರೆ ಅದು ಜನವರಿ 8 ಅಂದುಕೊಳ್ಳುತ್ತದೆ. ಬಲಕ್ಕೇ ಕೂರುತ್ತದೆ, ಅನುಮಾನವೇ ಬರುವುದಿಲ್ಲ. ಪರೀಕ್ಷೆ ಮಾಡಬೇಕಾದರೆ ಒಂದು ಖಾಲಿ ಮನೆಯಲ್ಲಿ 15-8-2024 ಅಂತ ಬರೆಯಿರಿ. ಹದಿನೈದನೇ ತಿಂಗಳು ಯಾವ ದೇಶದಲ್ಲೂ ಇಲ್ಲವಲ್ಲ, ಆದ್ದರಿಂದ ಅಮೆರಿಕದ ಪದ್ಧತಿಯಾದರೆ ಅದು ಎಡಕ್ಕೇ ಕೂರುತ್ತದೆ. ಬಲಕ್ಕೆ ಸರಿದರೆ ನಿಮ್ಮ ಶೀಟು ನಮ್ಮ ಪದ್ಧತಿಯದು. ಗೂಗಲ್ ಶೀಟ್ಸ್ ಆದರೆ ಕಂಪ್ಯೂಟರಿನಲ್ಲಿ ತೆರೆದು ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಅಂತ ಹೋಗಿ ಇಂಡಿಯಾ ಆರಿಸಿದರೆ ಸರಿಹೋಗುತ್ತದೆ. ಶೀಟು ಶುರು ಮಾಡುವ ದಿನವೇ ಮಾಡಿ. ಆರು ತಿಂಗಳು ಬರೆದ ಮೇಲೆ ಬದಲಾಯಿಸಿದರೆ ಹಳೆಯ ತಪ್ಪು ತಾನಾಗಿ ಸರಿಯಾಗುವುದಿಲ್ಲ.

ಇನ್ನು ಹೆಸರಿಗಿಂತ ನಂಬರಿನಿಂದ ಹುಡುಕುವುದು ಒಳ್ಳೆಯದು. ಒಂದೇ ಹೆಸರಿನ ಇಬ್ಬರು ಯಾವ ಸಂಘದಲ್ಲಿಲ್ಲ? ಹೆಸರನ್ನೂ ಒಂದು ದಿನ ಅಮ್ಮ ಸೇರಿಸಿ, ಒಂದು ದಿನ ಬಿಟ್ಟು ಬರೆದಿರುತ್ತೇವೆ. ಹಿಂದೆ ಒಂದು ಖಾಲಿ ಜಾಗ ಉಳಿದಿದ್ದರೂ ಶೀಟಿಗೆ ಅದು ಬೇರೆ ಹೆಂಗಸು. ಇನ್ನೂ ಒಂದು ಕಂತೂ ಕಟ್ಟದವರ ಮುಂದೆ ಮ್ಯಾಕ್ಸ್‌ಇಫ್ಸ್ ಸೊನ್ನೆ ಕೊಡುತ್ತದೆ. ಆ ಸೊನ್ನೆಗೂ ತಾರೀಖಿನ ವೇಷ ಹಾಕಿದಾಗ ಎಕ್ಸೆಲಿನಲ್ಲಿ 1900ನೇ ಇಸವಿ, ಗೂಗಲಿನಲ್ಲಿ 1899ರ ಡಿಸೆಂಬರ್ ಕಾಣುತ್ತದೆ. ಮುತ್ತಜ್ಜಿ ಕಟ್ಟಿದ ಕಂತೇನೋ ಅಂತ ಗಾಬರಿಯಾಗಬೇಡಿ.

ಹಳೆಯ ಕಂಪ್ಯೂಟರ್ ಇರುವವರಿಗೆ ಒಂದು ಮಾತು. ಎಕ್ಸೆಲ್ 2016 ಅಥವಾ ಅದಕ್ಕೂ ಹಿಂದಿನದನ್ನು ಕೊಂಡು ಇಟ್ಟುಕೊಂಡಿದ್ದರೆ ಅದರಲ್ಲಿ ಮ್ಯಾಕ್ಸ್‌ಇಫ್ಸ್ ಇರುವುದಿಲ್ಲ, 2019ರ ಎಕ್ಸೆಲಿನಿಂದ ಇದೆ. ಅಂಥವರು ಹೀಗೆ ಬರೆಯಬಹುದು:

=ಸಮ್‌ಪ್ರಾಡಕ್ಟ್(ಮ್ಯಾಕ್ಸ್((ಎ2:ಎ200=ಜಿ2)*(ಡಿ2:ಡಿ200="ಕಂತು")*ಸಿ2:ಸಿ200))

ಕೆಲಸ ಅದೇ. ಕಂಸಗಳು ಜಾಸ್ತಿ. ತಾರೀಖಿನಲ್ಲಿ ಒಂದು ಮನೆ ಅಕ್ಷರವಾಗಿದ್ದರೂ ಇದು ಉತ್ತರ ಕೊಡದೆ ದೋಷ ಅಂತ ಕೂಗುತ್ತದೆ. ನನಗೆ ಕೇಳಿದರೆ ಅದು ಇದರ ಒಳ್ಳೆಯ ಗುಣ.

ಎಕ್ಸ್‌ಲುಕಪ್ ಅಂತ ಇನ್ನೊಂದು ಬಂದಿದೆ. ವಿಲುಕಪ್ಪಿನ ಹೊಸ ಪೀಳಿಗೆ. ಅದಕ್ಕೆ ಕೆಳಗಿನಿಂದ ಮೇಲಕ್ಕೆ ಹುಡುಕು ಅಂತ ಹೇಳಬಹುದು, ಅಮ್ಮನ ತಂತಿಯ ಹಾಗೆ. ನಮ್ಮ ಮನೆಯಲ್ಲಿ ಎಲ್ಲರ ರಕ್ತಪರೀಕ್ಷೆಗೂ ಒಂದು ಶೀಟಿದೆ. ಎ ಕಾಲಮ್ಮಿನಲ್ಲಿ ಯಾರದು, ಬಿ ಕಾಲಮ್ಮಿನಲ್ಲಿ ತಾರೀಖು, ಸಿ ಕಾಲಮ್ಮಿನಲ್ಲಿ ಸಕ್ಕರೆ ಎಷ್ಟು. ಡಾಕ್ಟರು "ಹೋದ ಸಲ ಎಷ್ಟಿತ್ತಮ್ಮಾ?" ಅಂತ ಕೇಳಿದಾಗ ತಾರೀಖು ಸಾಲದು, ಅಂಕಿಯೇ ಬೇಕು.

=ಎಕ್ಸ್‌ಲುಕಪ್("ಅತ್ತೆ", ಎ:ಎ, ಸಿ:ಸಿ, "ಇಲ್ಲ", 0, -1)

ಕೊನೆಯ -1 ಅನ್ನುವುದೇ ಕೆಳಗಿನಿಂದ ಹುಡುಕು ಅಂತ. ಆದರೆ ಇಲ್ಲೂ ನಾನು ಒಮ್ಮೆ ಮುಗ್ಗರಿಸಿದ್ದೇನೆ. ಬೀರು ಜೋಡಿಸುವಾಗ ಅತ್ತೆಯವರ ಎರಡು ವರ್ಷದ ಹಿಂದಿನ ಒಂದು ವರದಿ ಸಿಕ್ಕಿತು. ಬಿಸಾಡುವುದೇಕೆ ಅಂತ ಶೀಟಿನ ಕೊನೆಯಲ್ಲಿ ಸೇರಿಸಿದೆ. ಕೊನೆಯ ಸಾಲಿಗೂ ಕೊನೆಯ ತಾರೀಖಿಗೂ ವ್ಯತ್ಯಾಸ ಇದೆಯಲ್ಲ! ಎಕ್ಸ್‌ಲುಕಪ್ಪಿಗೆ ಗೊತ್ತಿರುವುದು ಸಾಲು ಮಾತ್ರ. ಆ ಹಳೆಯ ಅಂಕಿಯನ್ನೇ ಈಚಿನದು ಅಂತ ತೋರಿಸಿತು. ಡಾಕ್ಟರ ಮುಂದೆ ಕೂತಾಗ ಅಲ್ಲ, ಹಿಂದಿನ ರಾತ್ರಿಯೇ ಅತ್ತೆಯವರು ಕಂಡುಹಿಡಿದರು. "ಇಷ್ಟು ಕಮ್ಮಿ ಇದ್ದದ್ದು ನಾನು ಮಾವಿನಹಣ್ಣು ಬಿಟ್ಟಿದ್ದ ವರ್ಷ ಕಣೇ, ಈ ವರ್ಷ ಅಲ್ಲ" ಅಂದರು. ಅಂದಿನಿಂದ ಆ ಶೀಟನ್ನು ತಾರೀಖಿನ ಪ್ರಕಾರ ಜೋಡಿಸಿದ ಮೇಲೆಯೇ ಇದನ್ನು ನಂಬುವುದು. ಬರೀ ತಾರೀಖು ಬೇಕಾದಾಗ ಮ್ಯಾಕ್ಸ್‌ಇಫ್ಸ್ ಸಾಕು, ಅದಕ್ಕೆ ಸಾಲು ಹೇಗಿದ್ದರೂ ಒಂದೇ.

ಈ ಶೀಟುಗಳ ಮೂಲಪುರುಷ ವಿಸಿಕ್ಯಾಲ್ಕ್, 1979ರದು. ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅನ್ನುವ ಇಬ್ಬರು ಮಾಡಿದ್ದು. ಕಾಲೇಜಿನಲ್ಲಿ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಅಂಕಿ ತಿದ್ದಿ, ಅದರ ಹಿಂದೆಯೇ ಉಳಿದ ಅಂಕಿಗಳನ್ನೆಲ್ಲ ಒರೆಸಿ ಬರೆಯುವ ಪಾಡು ನೋಡಿ ಬ್ರಿಕ್ಲಿನ್ ಅವರಿಗೆ ಈ ಯೋಚನೆ ಬಂತಂತೆ. ಒರೆಸಿ ಬರೆಯುವ ಕಷ್ಟವೇನೋ ತಪ್ಪಿತು.

ಹೂವಿನಕ್ಕನ ಕಥೆ ಬಾಕಿ ಇತ್ತಲ್ಲ. ಆಗಸ್ಟ್ 15ರ ಬೆಳಿಗ್ಗೆ ಹೋದಾಗ ಅವರು ಕೇಸರಿ ಬಿಳಿ ಹಸಿರು ಜೋಡಿಸಿ ಶಾಲೆಯವರಿಗೆ ಹಾರ ಕಟ್ಟುತ್ತಿದ್ದರು. ಪಕ್ಕದಲ್ಲೇ ಕೂತೆ. ತಪ್ಪು ನನ್ನದು ಅಂದೆ. "ಗೊತ್ತು ಬುಡಿ" ಅಂದರು. ನಾನು ಇಲ್ಲಿ ಹೇಳಿದರೆ ಸಾಲದು, ಸಭೆಯಲ್ಲಿ ಹೇಳುತ್ತೇನೆ, ಬನ್ನಿ ಅಂದೆ. ಬರುತ್ತೇನೆ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

22ನೇ ತಾರೀಖಿನ ಸಭೆಗೆ ತಡವಾಗಿ ಬಂದು ಬಾಗಿಲ ಹತ್ತಿರ ಕೂತರು. ನಾನು ಎದ್ದು ನಿಂತು, ಹೋದ ಸಲ ಯಾವ ದನಿಯಲ್ಲಿ ಪಟ್ಟಿ ಓದಿದ್ದೆನೋ ಅದೇ ದನಿಯಲ್ಲಿ, ಏಳನೇ ನಂಬರಿನವರ ಆರು ತಾರೀಖುಗಳನ್ನೂ ಓದಿದೆ. ಬಾಕಿ ಇರುವುದು ನನ್ನದು ಅಂತಲೂ ಹೇಳಿ ಸಾವಿರ ರೂಪಾಯಿ ಮೇಜಿನ ಮೇಲಿಟ್ಟೆ. ಯಾರೋ ನಕ್ಕರು. ಅವತ್ತು "ಶೀಟಲ್ಲೇ ಬಂದಿದೆಯಲ್ಲ" ಅಂದಿದ್ದವರು ಸೆರಗು ಸರಿಮಾಡಿಕೊಂಡರು. ಹೂವಿನಕ್ಕ ಎದ್ದು ಬಂದು ನನ್ನ ಫೋನ್ ಕಡೆ ಬಗ್ಗಿ, "ನಂದೆಲ್ಲೈತೆ, ತೋರ್ಸಿ" ಅಂದರು. ತೋರಿಸಿದೆ. ಒಂದೊಂದು ಸಾಲಿಗೂ ಬೆರಳಿಟ್ಟು ಪಾಸ್ ಪುಸ್ತಕದ ಜೊತೆ ಹೊಂದಿಸಿ ನೋಡಿದರು. ಆರೂ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಹೋಗಿ ಕೂತರು. ಅವತ್ತು ಟೀ ಕುಡಿದೇ ಹೋದರು.

ಈಗ ಪ್ರತಿ ತಿಂಗಳೂ ಕಂತು ಕಟ್ಟಿದ ಕೂಡಲೇ ನನ್ನ ಕೈಯಲ್ಲಿ ಫೋನ್ ತೆರೆಸಿ, ತಾರೀಖು ಬದಲಾಯಿತೇ ಅಂತ ನೋಡುತ್ತಾರೆ. ಬದಲಾದ ಮೇಲೆಯೇ ಪಾಸ್ ಪುಸ್ತಕ ಕವರಿಗೆ ಹೋಗುವುದು. ಹೋದ ತಿಂಗಳು ಇನ್ನೊಂದು ಬೇಡಿಕೆ ಇಟ್ಟಿದ್ದಾರೆ. ಮೂವತ್ತು ಮನೆಗಳಿಗೆ ದಿನಾ ವರ್ತನೆ ಹೂವು ಹಾಕುತ್ತಾರಂತೆ. ಯಾವ ಮನೆಯವರು ಕೊನೇ ಸಲ ದುಡ್ಡು ಕೊಟ್ಟದ್ದು ಯಾವತ್ತು ಅನ್ನುವುದು ಅವರ ತಲೆಯಲ್ಲೇ ಇದೆ. ಕೇಳಿದರೆ ಮನೆಯವರು "ಮೊನ್ನೆ ತಾನೇ ಕೊಟ್ಟೆವಲ್ಲ" ಅನ್ನುತ್ತಾರೆ. "ಅದ್ಕೂ ಒಂದು ಮಾಡ್ಕೊಡಿ ಅಕ್ಕಾವ್ರೆ, ಆದ್ರೆ ಬುಕ್ಕು ಮಾತ್ರ ನಾನು ಬುಡಾಕಿಲ್ಲ" ಅಂದರು.

ಮಾಡಿಕೊಟ್ಟಿದ್ದೇನೆ. ಮೂವತ್ತು ಮನೆ, ಮೂವತ್ತು ನಂಬರು. ನಾಲ್ಕನೇ ನಂಬರು ನಮ್ಮದೇ ಮನೆ. ನೋಡಿದರೆ ಎರಡು ತಿಂಗಳ ಹೂವಿನ ದುಡ್ಡು ಕೊಟ್ಟಿಲ್ಲ.